ಕಡಿಮೆ ಬೆಳಕಿನ ಬೆಟ್ಟಾ ಟ್ಯಾಂಕಿಗೆ ಗಿಡ: ಆರಿಸುವುದರಿಂದ ನೆಡುವವರೆಗೆ

ಬೆಟ್ಟಾ ಮೀನನ್ನು ನಮ್ಮ ಕಡೆ ಫೈಟರ್ ಫಿಶ್ ಅಂತಲೇ ಕರೆಯುವುದು ಜಾಸ್ತಿ. ಇದನ್ನು ಸಾಕುವವರು ಸಾಮಾನ್ಯವಾಗಿ ಟ್ಯಾಂಕನ್ನು ಹಾಲಿನ ಮೂಲೆಯಲ್ಲೋ, ಓದುವ ಮೇಜಿನ ಮೇಲೋ, ಟಿವಿ ಪಕ್ಕದಲ್ಲೋ ಇಟ್ಟಿರುತ್ತಾರೆ. ಅಲ್ಲಿಗೆ ಬಿಸಿಲು ಬರುವುದಿಲ್ಲ. ‘ಇಲ್ಲೆಲ್ಲಿ ಗಿಡ ಬದುಕುತ್ತೆ’ ಅಂದುಕೊಂಡು ಪ್ಲಾಸ್ಟಿಕ್ ಗಿಡ ತಂದು ನಿಲ್ಲಿಸುತ್ತಾರೆ. ಇಲ್ಲವೇ ಅಂಗಡಿಯಲ್ಲಿ ಚೆಂದ ಕಂಡ ಕೆಂಪು ಗಿಡವೊಂದನ್ನು ತರುತ್ತಾರೆ, ಅದು ಕೆಲವೇ ವಾರಗಳಲ್ಲಿ ಕೊಳೆಯುತ್ತದೆ. ಬೆಳಕು ಸಾಲಲಿಲ್ಲ ಅಂತ ಆಮೇಲೆ ದೊಡ್ಡ ಲೈಟು ಬರುತ್ತದೆ. ಲೈಟಿನ ಹಿಂದೆಯೇ ಪಾಚಿ ಬರುತ್ತದೆ.

ನನ್ನ ಸಲಹೆ ಇಷ್ಟೇ: ಲೈಟನ್ನು ಮುಟ್ಟಬೇಡಿ, ಗಿಡ ಬದಲಾಯಿಸಿ. ನೆರಳಿನಲ್ಲೇ ಬೆಳೆದು ಬಂದ ನೀರಿನ ಗಿಡಗಳು ಬೇಕಾದಷ್ಟಿವೆ. ಅವು ನಿಧಾನಕ್ಕೆ ಬೆಳೆಯುತ್ತವೆ, ಹೆಚ್ಚು ಗೊಬ್ಬರ ಕೇಳುವುದಿಲ್ಲ, ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಅಂತೂ ಬೇಡವೇ ಬೇಡ. ಬೆಟ್ಟಾಕ್ಕೂ ಕಣ್ಣಿಗೆ ಹೊಡೆಯುವ ಬೆಳಕು ಹಿಡಿಸುವುದಿಲ್ಲ.

ಮೊದಲು ಮೀನಿಗೆ ಏನು ಬೇಕು ಅಂತ ನೋಡಿ

ಬೆಟ್ಟಾದ ತವರು ಥಾಯ್ಲೆಂಡ್. ಅಲ್ಲಿನ ಚಾವೊ ಪ್ರಯಾ ನದಿ ಬಯಲಿನ ಗದ್ದೆ, ಕಾಲುವೆ, ಜೌಗು ಇದರ ಮನೆ. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. ಅಲ್ಲಿನ ನೀರು ಹೆಚ್ಚು ಆಳವಿಲ್ಲ, ಹೆಚ್ಚು ಹರಿಯುವುದೂ ಇಲ್ಲ, ತುಂಬಾ ಗಿಡಗಂಟಿ ಇರುತ್ತದೆ. ಇಂಥ ನೀರಿನಲ್ಲಿ ಆಮ್ಲಜನಕ ಕಡಿಮೆ. ಅದಕ್ಕೇ ಬೆಟ್ಟಾಕ್ಕೆ ಕಿವಿರಿನ ಜೊತೆಗೆ ಲ್ಯಾಬಿರಿಂತ್ ಅನ್ನುವ ಇನ್ನೊಂದು ಅಂಗವೂ ಇದೆ. ಮೀನು ಆಗಾಗ ಮೇಲೆ ಬಂದು ಬಾಯಿಂದ ಗಾಳಿ ತೆಗೆದುಕೊಳ್ಳುತ್ತದೆ. ಮೇಲೆ ಬರುವ ದಾರಿ ಮುಚ್ಚಿಹೋದರೆ ಮೀನಿಗೆ ಕಷ್ಟ.

ಇನ್ನೊಂದು ವಿಷಯ. ನಾವು ತರುವ ಗಂಡು ಬೆಟ್ಟಾದ ರೆಕ್ಕೆ, ಬಾಲ ಎಲ್ಲ ಕಾಡು ಬೆಟ್ಟಾಕ್ಕಿಂತ ಬಹಳ ಉದ್ದ. ಅದನ್ನು ಹೊತ್ತು ಈಜುವುದು ಅದಕ್ಕೆ ಸುಲಭವಲ್ಲ, ಬೇಗ ಸುಸ್ತಾಗುತ್ತದೆ. ರಾತ್ರಿ ಟ್ಯಾಂಕಿನ ದೀಪ ಆರಿಸಿದ ಮೇಲೆ ಕೋಣೆಯ ಮಂದ ಬೆಳಕಿನಲ್ಲಿ ಒಮ್ಮೆ ನೋಡಿ. ನೀರಿನ ಮಟ್ಟಕ್ಕೆ ಹತ್ತಿರ ಅಗಲವಾದ ಎಲೆಯೊಂದಿದ್ದರೆ ಅದರ ಮೇಲೆ ಹೊಟ್ಟೆಯೂರಿ, ಬಾಲವನ್ನು ಎಲೆಯ ಅಂಚಿನಿಂದ ಕೆಳಕ್ಕೆ ಇಳಿಬಿಟ್ಟು, ಒಂದು ಪಕ್ಕಕ್ಕೆ ಸ್ವಲ್ಪ ವಾಲಿ ಮಲಗಿರುತ್ತದೆ. ಮೊದಲ ಸಲ ನೋಡಿದವರು ಮೀನು ಸತ್ತೇ ಹೋಯಿತು ಅಂತ ಗಾಬರಿಯಾಗುತ್ತಾರೆ. ಅದು ಆರಾಮಾಗಿ ನಿದ್ದೆ ಮಾಡುತ್ತಿರುತ್ತದೆ.

ಹಾಗಾಗಿ ಗಿಡ ಆರಿಸುವಾಗ ಮೂರು ಜಾಗ ತುಂಬಬೇಕು. ನೀರಿನ ಮಟ್ಟಕ್ಕೆ ಹತ್ತಿರ, ಮೀನು ಮಲಗುವಂಥ ಗಟ್ಟಿ ಎಲೆ. ತಲೆಯ ಮೇಲೆ ಒಂದಿಷ್ಟು ನೆರಳು. ಕೆಳಗೆ, ಹೆದರಿದಾಗ ನುಗ್ಗಿ ಅಡಗುವಂಥ ಪೊದೆ. ಈ ಮೂರಕ್ಕೆ ಮೂರು ಗಿಡ ಸಿಕ್ಕರೆ ಸಾಕು. ಹತ್ತು ಜಾತಿ ತರುವ ಅಗತ್ಯ ಇಲ್ಲ.

ಎಲೆ ಗಟ್ಟಿ ಇದ್ದರೂ ಅಂಚು ಚೂಪಾಗಿರಬಾರದು ಅನ್ನುವುದು ಮುಖ್ಯ. ಪ್ಲಾಸ್ಟಿಕ್ ಗಿಡ ಈಗಾಗಲೇ ಮನೆಯಲ್ಲಿದ್ದರೆ ತೆಳು ದುಪಟ್ಟಾದ ಅಂಚನ್ನು ಅದರ ಮೇಲೆ ಎಳೆದು ನೋಡಿ. ದಾರ ಎಲ್ಲಿಯಾದರೂ ಸಿಕ್ಕಿಕೊಂಡರೆ ಮೀನಿನ ರೆಕ್ಕೆಯೂ ಅಲ್ಲೇ ಹರಿಯುತ್ತದೆ. ಅಂಥದ್ದನ್ನು ತೆಗೆದುಬಿಡಿ.

ಟ್ಯಾಂಕ್ ಮತ್ತು ಬೆಳಕಿನ ಲೆಕ್ಕ

ಒಂದು ಉದಾಹರಣೆ ಇಟ್ಟುಕೊಳ್ಳೋಣ. 15 ಇಂಚು ಉದ್ದ, 10 ಇಂಚು ಅಗಲ, 10 ಇಂಚು ಎತ್ತರದ ಟ್ಯಾಂಕ್. ಅಂಚಿನವರೆಗೂ ತುಂಬಿದರೆ 24 ಲೀಟರಿನಷ್ಟು ಹಿಡಿಯುತ್ತದೆ. ಕೆಳಗೆ ಮರಳು ಹಾಕಿ, ಮೇಲೆ ಒಂದೂವರೆ ಇಂಚು ಜಾಗ ಬಿಟ್ಟರೆ ನೀರು 18-20 ಲೀಟರ್ ಆಗುತ್ತದೆ. ಒಂದು ಬೆಟ್ಟಾಕ್ಕೆ ಇದಕ್ಕಿಂತ ಚಿಕ್ಕದು ಬೇಡ. ಗಾಜಿನ ಬೌಲಿನಲ್ಲಿ ಗಿಡವೂ ನೆಟ್ಟಗೆ ಬರುವುದಿಲ್ಲ, ನೀರೂ ಬೇಗ ಕೆಡುತ್ತದೆ. ಮೇಲೆ ಮುಚ್ಚಳ ಇರಲೇಬೇಕು, ಬೆಟ್ಟಾ ಹಾರುತ್ತದೆ. ಆದರೆ ಮುಚ್ಚಳಕ್ಕೂ ನೀರಿಗೂ ನಡುವೆ ಆ ಒಂದೂವರೆ ಇಂಚು ಗಾಳಿ ಇರಲಿ.

ಈಗ ಬೆಳಕು. ಬಲ್ಬು ಕೊಡುವ ಬೆಳಕಿನ ಅಳತೆ ಲ್ಯೂಮೆನ್. ಕಡಿಮೆ ಬೆಳಕಿನ ಗಿಡಗಳಿಗೆ ಲೀಟರಿಗೆ 15ರಿಂದ 25 ಲ್ಯೂಮೆನ್ ಅನ್ನುವುದು ಹವ್ಯಾಸಿಗಳು ಇಟ್ಟುಕೊಳ್ಳುವ ಅಂದಾಜು. ನಮ್ಮ 20 ಲೀಟರಿಗೆ 300ರಿಂದ 500 ಲ್ಯೂಮೆನ್ ಬೇಕು. ಮನೆಯಲ್ಲಿ ಬಳಸುವ ಎಲ್‌ಇಡಿ ಬಲ್ಬು ವ್ಯಾಟಿಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆ, ಡಬ್ಬಿಯ ಮೇಲೇ ಬರೆದಿರುತ್ತದೆ. ಅಂದರೆ 5 ವ್ಯಾಟಿನ ಬಲ್ಬು ಸಾಕು! ಡಬ್ಬಿಯಲ್ಲಿ 6500 ಕೆಲ್ವಿನ್, ಕೂಲ್ ಡೇಲೈಟ್ ಅಂತ ಇದ್ದರೆ ಒಳ್ಳೆಯದು. ಟೇಬಲ್ ಲ್ಯಾಂಪಿಗೆ ಹಾಕಿ ಗಾಜಿನ ಮುಚ್ಚಳದ ಮೇಲಿಂದ ಬೀಳುವಂತೆ ಇಡಬಹುದು. ವೈರು ಪ್ಲಗ್‌ಗೆ ಹೋಗುವ ಮೊದಲು ಕೆಳಕ್ಕೆ ಜೋತು ಬಿದ್ದು ಮತ್ತೆ ಮೇಲೇರುವಂತಿರಲಿ. ನೀರಿನ ಹನಿ ವೈರಿಗುಂಟ ಇಳಿದು ಸಾಕೆಟ್ಟಿಗೆ ಹೋಗಬಾರದು.

ದಿನಕ್ಕೆ 6-7 ಗಂಟೆ ಬೆಳಕು ಸಾಕು. ಮರೆಯುವ ಅಭ್ಯಾಸ ಇದ್ದರೆ ಟೈಮರ್ ಹಾಕಿ. ತಿರುಗಿಸುವ ಹಳೇ ಮಾದರಿಯ ಟೈಮರ್ ಆದರೆ ಕರೆಂಟು ಹೋದಷ್ಟು ಹೊತ್ತೂ ಅದು ನಿಂತಿರುತ್ತದೆ. ಲೋಡ್ ಶೆಡ್ಡಿಂಗ್ ಇರುವ ಊರಿನಲ್ಲಿ ವಾರಕ್ಕೊಮ್ಮೆ ಸರಿಮಾಡಿಕೊಳ್ಳಬೇಕು, ಇಲ್ಲದಿದ್ದರೆ ಕೆಲವು ವಾರಗಳಲ್ಲಿ ದೀಪ ನಡುರಾತ್ರಿಯವರೆಗೂ ಉರಿಯುತ್ತಿರುತ್ತದೆ.

ಬೆಳಕು ಬರಲಿ ಅಂತ ಟ್ಯಾಂಕನ್ನು ಕಿಟಕಿಯ ಬಿಸಿಲಿಗೆ ಇಡಬೇಡಿ. 20 ಲೀಟರ್ ನೀರು ಏಪ್ರಿಲ್ ಬಿಸಿಲಿಗೆ ಬಹಳ ಬೇಗ ಕಾಯುತ್ತದೆ. ಗಾಜೆಲ್ಲ ಹಸಿರಾಗುವುದು ಬೇರೆ.

ನಿಮ್ಮ ಊರಿನ ನೀರು, ನಿಮ್ಮ ಊರಿನ ಸೆಕೆ

ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಗೂ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಮನೆಗೂ ತುಂಬಾ ವ್ಯತ್ಯಾಸ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಒಂದು ದಿನ ಬಕೆಟ್ಟಿನಲ್ಲಿ ಬಿಟ್ಟು, ಇಲ್ಲವೇ ಆ್ಯಂಟಿ ಕ್ಲೋರಿನ್ ಹನಿ ಹಾಕಿ ಬಳಸಿ. ಬೋರ್‌ವೆಲ್ ನೀರು ಗಡಸು. ಗೀಸರಿನ ಕಾಯಿಲಿಗೆ, ಬಕೆಟ್ಟಿನ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದಲ್ಲ, ಅದೇ ಗಡಸುತನ. ಸ್ವಲ್ಪ ಗಡಸಾದರೆ ಮುಂದೆ ಹೇಳುವ ಅನುಬಿಯಾಸ್, ಕ್ರಿಪ್ಟೊಕೊರೈನ್‌ನಂಥ ಗಿಡಗಳಿಗೆ ಏನೂ ತೊಂದರೆ ಇಲ್ಲ. ತೀರಾ ಗಡಸಾದರೆ ಅರ್ಧ ಆರ್‌ಒ ನೀರು ಬೆರೆಸಿ. ಪೂರ್ತಿ ಆರ್‌ಒ ನೀರು ಹಾಕಬೇಡಿ, ಅದರಲ್ಲಿ ಗಿಡಕ್ಕೂ ಮೀನಿಗೂ ಬೇಕಾದ ಖನಿಜಗಳೇ ಇರುವುದಿಲ್ಲ. ಆರ್‌ಒ ಯಂತ್ರದ ಪೈಪಿನಿಂದ ಹೊರಹೋಗುವ ನೀರನ್ನಂತೂ ಟ್ಯಾಂಕಿಗೆ ಸುರಿಯಲೇಬೇಡಿ. ಉಪ್ಪೆಲ್ಲ ಅದರಲ್ಲೇ ಸೇರಿಕೊಂಡಿರುತ್ತದೆ.

ಬೆಟ್ಟಾಕ್ಕೆ 24ರಿಂದ 28 ಡಿಗ್ರಿ ಹಿತ. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನ ಚಳಿಗಾಲದ ರಾತ್ರಿಗೆ ಸಣ್ಣ ಹೀಟರ್ ಬೇಕಾಗುತ್ತದೆ. ಬಳ್ಳಾರಿ, ರಾಯಚೂರು, ಕಲಬುರಗಿ ಕಡೆ ಸಮಸ್ಯೆ ಉಲ್ಟಾ. ಅಲ್ಲಿ ಬೇಸಿಗೆಯಲ್ಲಿ ನೀರು 32 ದಾಟುವುದು ಸುಲಭ. ಜಾವಾ ಫರ್ನ್, ಪಾಚಿಗಿಡ ಅಂದರೆ ಮಾಸ್, ಇವು ಇಂಥ ಬಿಸಿಗೆ ಸೊರಗುತ್ತವೆ. ಅಲ್ಲಿಯವರು ಕ್ರಿಪ್ಟೊಕೊರೈನ್ ಮತ್ತು ಅನುಬಿಯಾಸ್ ಮೇಲೆ ಭರವಸೆ ಇಡುವುದು ಒಳ್ಳೆಯದು. ಗಾಳಿ ನೀರಿನ ಮೇಲ್ಮೈಗೆ ತಾಗುವಂತೆ ಒಂದು ಸಣ್ಣ ಫ್ಯಾನ್ ಹಾಕಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ನೀರು ಆರುವುದೂ ಬೇಗ, ದಿನಾ ಒಂದಿಷ್ಟು ತುಂಬಿಸುತ್ತಿರಬೇಕು.

ಗಿಡಗಳು

ಒಂದೇ ಗಿಡ ತರುತ್ತೇನೆ ಅನ್ನುವವರಿಗೆ ನಾನು ಹೇಳುವುದು ಅನುಬಿಯಾಸ್ ನಾನಾ. ಇದು ಪಶ್ಚಿಮ ಆಫ್ರಿಕಾದ ಕಾಡಿನ ತೊರೆಗಳ ಗಿಡ. ಮರಗಳ ದಟ್ಟ ನೆರಳಲ್ಲಿ, ಕಲ್ಲಿಗೆ ಬೇರು ಹಿಡಿದು ಬೆಳೆಯುವಂಥದ್ದು. ಎಲೆ ದಪ್ಪ, ಕಡು ಹಸಿರು, ಮೇಲ್ಭಾಗ ನುಣುಪು. ಬೆಟ್ಟಾ ಮಲಗಿದರೂ ಎಲೆ ಬಗ್ಗುವುದಿಲ್ಲ. ಹೊಸ ಎಲೆಯೊಂದು ಬರಲು ಮೂರು ನಾಲ್ಕು ವಾರ ಬೇಕು. ಬಂದ ಎಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ದಾಟಿ ಇರುತ್ತದೆ.

ಈ ಗಿಡದಲ್ಲಿ ತಿಳಿದಿರಬೇಕಾದ್ದು ಅದರ ರೈಜೋಮ್. ಎಲೆಗೂ ಬೇರಿಗೂ ನಡುವೆ ಅಡ್ಡಡ್ಡ ಹರಿದಿರುವ ಹಸಿರು ಕಾಂಡ ಅದು, ನೋಡಲು ಎಳೆ ಶುಂಠಿಯ ಹಾಗಿರುತ್ತದೆ. ಅದನ್ನು ಮರಳಿನಲ್ಲಿ ಹೂತರೆ ಕೊಳೆಯುತ್ತದೆ. ಅಂಗಡಿಯಿಂದ ತಂದು ಕುಂಡದಲ್ಲಿ ಸಸಿ ನೆಟ್ಟಂತೆ ಮಣ್ಣೊಳಗೆ ಒತ್ತುವುದರಿಂದಲೇ ಹೆಚ್ಚಿನ ಅನುಬಿಯಾಸ್ ಸಾಯುವುದು. ಬೇರು ಕೆಳಗಿರಲಿ, ರೈಜೋಮ್ ಮಾತ್ರ ನೀರಿಗೆ ತೆರೆದಿರಲಿ.

ಜಾವಾ ಫರ್ನ್ ಕೂಡ ಇದೇ ರೀತಿಯದು, ಇದಕ್ಕೂ ರೈಜೋಮ್ ಹೂಳಬಾರದು. ಆಗ್ನೇಯ ಏಷ್ಯಾದ ತೊರೆಗಳ ಜರೀಗಿಡ. ಉದ್ದುದ್ದ ಎಲೆ, ನೇರ ಮೇಲಕ್ಕೆ ಹೋಗುತ್ತದೆ, ಹಿಂಬದಿಗೆ ಚೆನ್ನಾಗಿರುತ್ತದೆ. ಕೆಲವು ತಿಂಗಳಾದ ಮೇಲೆ ಎಲೆಯ ಹಿಂದೆ ಸಾಲಾಗಿ ಕಂದು ಚುಕ್ಕೆ ಕಾಣುತ್ತದೆ. ರೋಗ ಅಂದುಕೊಂಡು ಎಷ್ಟೋ ಜನ ಆ ಎಲೆಯನ್ನು ಕತ್ತರಿಸಿ ಎಸೆಯುತ್ತಾರೆ. ಅದು ಜರೀಗಿಡದ ಬೀಜಕಣ. ಹಳೇ ಎಲೆಯ ತುದಿಯಲ್ಲಿ ಪುಟ್ಟ ಪುಟ್ಟ ಎಲೆ, ಕಪ್ಪು ಕೂದಲಿನಂಥ ಬೇರು ಹುಟ್ಟಿ ಮರಿಗಿಡಗಳೂ ಬರುತ್ತವೆ. ಬೆರಳುದ್ದ ಆದ ಮೇಲೆ ಬಿಡಿಸಿ ಬೇರೆ ಕಲ್ಲಿಗೆ ಕಟ್ಟಬಹುದು. ಒಂದು ಗಿಡ ಕೊಂಡವರು ಮತ್ತೆ ಜಾವಾ ಫರ್ನ್ ಕೊಳ್ಳಬೇಕಾಗುವುದಿಲ್ಲ.

ಕೆಳಗಿನ ಪೊದೆಗೆ ಕ್ರಿಪ್ಟೊಕೊರೈನ್. ಹವ್ಯಾಸಿಗಳು ಕ್ರಿಪ್ಟ್ ಅಂತ ಕರೆಯುತ್ತಾರೆ. ಹೆಚ್ಚಾಗಿ ಸಿಗುವ ಕ್ರಿಪ್ಟ್ ವೆಂಟಿಯೈ ಶ್ರೀಲಂಕಾದ ಗಿಡ. ಹಸಿರು, ಕಂದು ಎರಡು ಬಣ್ಣದಲ್ಲೂ ಬರುತ್ತದೆ. ಇದನ್ನು ಮರಳಿನಲ್ಲಿ ನೆಡಬೇಕು, ಆಹಾರವನ್ನು ಬೇರಿನಿಂದ ತೆಗೆದುಕೊಳ್ಳುತ್ತದೆ. ಇದೇ ಕುಲದ ಗಿಡಗಳು ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಇವೆ, ಕ್ರಿಪ್ಟೊಕೊರೈನ್ ರೆಟ್ರೊಸ್ಪೈರಾಲಿಸ್ ಅಂಥದ್ದು. ಇದರ ಹತ್ತಿರದ ನೆಂಟ ಲ್ಯಾಜಿನಾಂಡ್ರಾ ಮೀಬೋಲ್ಡಿಯೈ ಕೂಡ ನಮ್ಮ ಘಟ್ಟದ್ದೇ. ಅಗಲ ಎಲೆ, ಕೆಲವು ಗಿಡಕ್ಕೆ ನಸುಗೆಂಪು ಛಾಯೆ. ಪ್ರಪಂಚದಾದ್ಯಂತ ಅಕ್ವೇರಿಯಂ ಇಡುವವರು ಆಸೆಪಟ್ಟು ಕೊಳ್ಳುವ ಈ ಗಿಡದ ಪರಿಚಯ ನಮ್ಮವರಿಗೇ ಕಡಿಮೆ ಅನ್ನುವುದು ನನಗೆ ಬೇಸರದ ವಿಷಯ. ಆದರೆ ಟ್ರೆಕ್ಕಿಂಗ್ ಹೋದಾಗ ಹಳ್ಳದಿಂದ ಕಿತ್ತು ತರಬೇಡಿ. ನರ್ಸರಿಯಲ್ಲಿ ಬೆಳೆಸಿದ್ದನ್ನೇ ಕೇಳಿ ಕೊಳ್ಳಿ.

ಮಾಸ್ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಜಾವಾ ಮಾಸ್ ಎಲ್ಲಿ ಬೇಕಾದರೂ ಬೆಳೆಯುತ್ತದೆ, ಕಸ ಹಿಡಿದುಕೊಳ್ಳುತ್ತದೆ, ಆಗಾಗ ಹಿಂಡಿ ತೊಳೆಯಬೇಕು. ಬ್ಯೂಸೆಫಲಾಂಡ್ರಾ ಬೋರ್ನಿಯೋ ದ್ವೀಪದ್ದು, ಅನುಬಿಯಾಸ್‌ನಂತೆಯೇ ಕಲ್ಲಿಗೆ ಕಟ್ಟುವುದು, ಬೆಲೆ ಜಾಸ್ತಿ. ಮೊದಲ ಟ್ಯಾಂಕಿಗೆ ಬೇಡ.

ನೆರಳಿಗೆ ತೇಲುವ ಗಿಡ ಬೇಕು. ಚಿಕ್ಕ ಎಲೆಯ ಸಾಲ್ವಿನಿಯಾ ಅಥವಾ ಫ್ರಾಗ್‌ಬಿಟ್ ಚೆನ್ನ. ಇವು ದೀಪಕ್ಕೆ ಹತ್ತಿರ ಇರುವುದರಿಂದ ಸಣ್ಣ ಲೈಟೂ ಸಾಕಾಗುತ್ತದೆ. ಗಂಡು ಬೆಟ್ಟಾ ಇಂಥ ಎಲೆಗಳ ಕೆಳಗೇ ನೊರೆಗೂಡು ಕಟ್ಟುತ್ತದೆ. ನಮ್ಮ ಕೆರೆಗಳಲ್ಲಿ ಕಾಣುವ ಅಂತರಗಂಗೆ, ಅಂದರೆ ಪಿಸ್ಟಿಯಾ, 10 ಇಂಚಿನ ಟ್ಯಾಂಕಿಗೆ ದೊಡ್ಡದಾಯಿತು. ಅದರ ಬೇರು ತಳವನ್ನೇ ಮುಟ್ಟುತ್ತದೆ. ತೇಲುವ ಗಿಡ ಅರ್ಧ ಮೇಲ್ಮೈಗಿಂತ ಜಾಸ್ತಿ ಹರಡಲು ಬಿಡಬೇಡಿ. ಏರ್ ಪಂಪಿನ ಪೈಪನ್ನು ಒಂದು ಗೇಣು ಕತ್ತರಿಸಿ, ಎರಡು ತುದಿ ಸೇರಿಸಿ ಬಳೆ ಮಾಡಿ ತೇಲಿಬಿಡಿ. ಬಳೆಯ ಒಳಗೆ ಗಿಡ ಬರುವುದಿಲ್ಲ. ಮೀನಿಗೆ ಉಸಿರಾಡಲು, ನಿಮಗೆ ಕಾಳು ಹಾಕಲು ಅದೇ ಜಾಗ.

ಇನ್ನು ಎಲ್ಲರ ಮನೆಯಲ್ಲೂ ಇರುವ ಮನಿ ಪ್ಲಾಂಟ್. ಎರಡು ಗೆಣ್ಣಿರುವ ಕಡ್ಡಿಯನ್ನು ಕತ್ತರಿಸಿ, ಬೇರು ನೀರಿನಲ್ಲಿ, ಎಲೆಗಳೆಲ್ಲ ಟ್ಯಾಂಕಿನ ಹೊರಗೆ ಬರುವಂತೆ ಹಿಂಬದಿಯ ಅಂಚಿಗೆ ಸಿಕ್ಕಿಸಿ. ಎಲೆ ಗಾಳಿಯಲ್ಲಿರುವುದರಿಂದ ಅದು ನೀರೊಳಗಿನ ಗಿಡಗಳಿಗಿಂತ ಜೋರಾಗಿ ಬೆಳೆಯುತ್ತದೆ. ಮೀನಿನ ಗಲೀಜಿನಿಂದ ಸೇರುವ ನೈಟ್ರೇಟನ್ನು ಚೆನ್ನಾಗಿ ಹೀರುತ್ತದೆ. ಎಲೆಯನ್ನು ಮಾತ್ರ ನೀರಿನಲ್ಲಿ ಮುಳುಗಿಸಬೇಡಿ, ಕೊಳೆಯುತ್ತದೆ. ಹೂದಾನಿಯಲ್ಲಿ ಗಿಡ ಇಟ್ಟು ಕೆಳಗೆ ಬೆಟ್ಟಾ ಬಿಟ್ಟು, ಮೀನು ಬೇರು ತಿಂದುಕೊಂಡಿರುತ್ತದೆ ಅಂತ ಮಾರುವುದುಂಟು. ಬೆಟ್ಟಾ ಹುಳುಹುಪ್ಪಟೆ ತಿನ್ನುವ ಮೀನು. ಬೇರು ಅದರ ಆಹಾರವೇ ಅಲ್ಲ.

ಏನು ಕೊಳ್ಳಬಾರದು

ಅಕ್ವೇರಿಯಂ ಅಂಗಡಿಯ ನೀರಿನ ತೊಟ್ಟಿಯಲ್ಲಿ ನಿಂತಿರುವುದೆಲ್ಲ ನೀರಿನ ಗಿಡ ಅಲ್ಲ. ಲಕ್ಕಿ ಬ್ಯಾಂಬೂ, ಕೆಂಪು ಅಂಚಿನ ಡ್ರಸೀನಾ, ಸಿಂಗೋನಿಯಂ, ಅಗ್ಲೊನೀಮಾ, ನೇರಳೆ ಎಲೆಯ ಹೆಮಿಗ್ರಾಫಿಸ್, ಹುಲ್ಲಿನಂಥ ಮಾಂಡೊ ಗ್ರಾಸ್, ಇವೆಲ್ಲ ನೆಲದ ಗಿಡಗಳು. ನೀರಲ್ಲಿ ಮುಳುಗಿಸಿದರೆ ಕೆಲವು ವಾರ ಹಸಿರಾಗಿಯೇ ಕಾಣುತ್ತವೆ. ಆಮೇಲೆ ಒಳಗಿನಿಂದ ಕೊಳೆತು ನೀರು ಕೆಡಿಸುತ್ತವೆ. ಒಂದು ಸುಲಭ ಪರೀಕ್ಷೆ ಇದೆ. ಗಿಡವನ್ನು ನೀರಿನಿಂದ ಮೇಲೆತ್ತಿ ಹಿಡಿಯಿರಿ. ಕಾಂಡ ಕಟ್ಟಿಗೆಯಂತೆ ಗಟ್ಟಿಯಾಗಿ, ಎಲೆ ಒಂದಿಷ್ಟೂ ಜೋಲದೆ ನೆಟ್ಟಗೆ ನಿಂತರೆ ಅನುಮಾನಪಡಿ. ಅನುಬಿಯಾಸ್‌ನ ಎಲೆಯೂ ಗಟ್ಟಿಯೇ, ಆದರೆ ಅದರ ಅಡ್ಡ ರೈಜೋಮ್ ನೋಡಿದರೆ ಗೊತ್ತಾಗುತ್ತದೆ.

ನಿಜವಾದ ನೀರಿನ ಗಿಡಗಳಲ್ಲೂ ನಮ್ಮ ಟ್ಯಾಂಕಿಗೆ ಹೊಂದದವು ಇವೆ. ಕಬೋಂಬಾ ಕಡಿಮೆ ಬೆಲೆಗೆ ಕಟ್ಟುಗಟ್ಟಲೆ ಸಿಗುತ್ತದೆ. ಅದಕ್ಕೆ ಒಳ್ಳೆಯ ಬೆಳಕು ಬೇಕು, ಇಲ್ಲದಿದ್ದರೆ ಸೂಜಿಯಂಥ ಎಲೆಗಳನ್ನು ಉದುರಿಸಿ ಫಿಲ್ಟರ್ ತುಂಬಿಸುತ್ತದೆ. ನೆಲಹಾಸಿನಂತೆ ಹರಡುವ ಗಿಡ, ಕೆಂಪು ರೋಟಾಲಾ, ಲುಡ್ವಿಜಿಯಾ ಎಲ್ಲ ಸದ್ಯಕ್ಕೆ ಬಿಡಿ. ಹೊಸ ಟ್ಯಾಂಕಿಗೆ ಮೊದಲ ತಿಂಗಳು ಬೇಗ ಬೆಳೆಯುವುದೇನಾದರೂ ಬೇಕು ಅನ್ನಿಸಿದರೆ ಹೈಡ್ರಿಲ್ಲಾ ಅಥವಾ ಹಾರ್ನ್‌ವರ್ಟ್‌ನ ನಾಲ್ಕು ಕಡ್ಡಿ ತೇಲಿಬಿಡಿ. ನಿಧಾನದ ಗಿಡಗಳು ಬೇರು ಹಿಡಿದ ಮೇಲೆ ತೆಗೆಯಬಹುದು.

ಅಂಗಡಿಯಲ್ಲಿ

‘ಅಣ್ಣಾ, ಇದು ನೀರೊಳಗೇ ಬೆಳೆದದ್ದಾ, ಹೊರಗೆ ಬೆಳೆಸಿದ್ದಾ?’ ಅಂತ ಕೇಳಿ. ತೋಟದಲ್ಲಿ ಈ ಗಿಡಗಳನ್ನು ಹೆಚ್ಚಾಗಿ ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆಸುತ್ತಾರೆ. ಅಂಥದ್ದು ಕೆಟ್ಟದ್ದೇನಲ್ಲ, ಆದರೆ ಮುಳುಗಿಸಿದ ಮೇಲೆ ಹಳೇ ಎಲೆ ಉದುರಿ ಹೊಸದು ಬರಬೇಕು. ಮೊದಲೇ ಗೊತ್ತಿದ್ದರೆ ಗಾಬರಿ ಇರುವುದಿಲ್ಲ.

ರೈಜೋಮನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಗಟ್ಟಿ ಇದ್ದರೆ ತನ್ನಿ. ಮೆತ್ತಗಾಗಿ ವಾಸನೆ ಬಂದರೆ ಎಲೆ ಎಷ್ಟೇ ಚೆಂದ ಇರಲಿ, ಬೇಡ. ಎಲೆಯ ಅಂಚಿನಲ್ಲಿ ಕಪ್ಪು ಕೂದಲಿನಂಥ ಪಾಚಿ ಇದ್ದರೂ ಬೇಡ, ಅದು ಒಮ್ಮೆ ಟ್ಯಾಂಕಿಗೆ ಬಂದರೆ ಹೋಗುವುದು ಬಹಳ ಕಷ್ಟ. ಮುಚ್ಚಿದ ಕಪ್ಪಿನಲ್ಲಿ ಟಿಶ್ಯೂ ಕಲ್ಚರ್ ಗಿಡ, ಅಂದರೆ ಲ್ಯಾಬಿನಲ್ಲಿ ಜೆಲ್ಲಿನ ಮೇಲೆ ಬೆಳೆಸಿದ ಗಿಡ, ಸಿಕ್ಕರೆ ಅದನ್ನೇ ಆರಿಸಿ. ಬೆಲೆ ಸ್ವಲ್ಪ ಜಾಸ್ತಿ, ಆದರೆ ಬಸವನಹುಳು, ಪಾಚಿ ಎರಡರ ಕಾಟವೂ ಇಲ್ಲ. ನೆಡುವ ಮೊದಲು ಬೇರಿಗಂಟಿದ ಜೆಲ್ಲನ್ನು ಪೂರ್ತಿ ತೊಳೆಯಿರಿ.

ಟ್ಯಾಂಕಿಗೆ ಹಾಕುವ ಮೊದಲು ತೊಳೆಯಿರಿ

ಇದನ್ನು ಬಿಡಬೇಡಿ. ಗಿಡದ ಜೊತೆ ಬಸವನಹುಳುವಿನ ಮೊಟ್ಟೆ, ಕೆಲವೊಮ್ಮೆ ಏರೋಪ್ಲೇನ್ ಚಿಟ್ಟೆಯ ಮರಿ, ತೋಟದಲ್ಲಿ ಹೊಡೆದ ಕೀಟನಾಶಕ ಎಲ್ಲ ಬರಬಹುದು. ಹಳದಿಯಾದ, ಹರಿದ ಎಲೆಗಳನ್ನು ಬುಡದಲ್ಲಿ ಕತ್ತರಿಸಿ. ಆಮೇಲೆ ಎರಡರಲ್ಲಿ ಒಂದು ಮಾಡಿ.

ಮೊದಲನೆಯದು ಪಟಿಕ. 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಪಟಿಕದ ಪುಡಿ ಕರಗಿಸಿ, ಗಿಡವನ್ನು ಎರಡು ಮೂರು ಗಂಟೆ ಮುಳುಗಿಸಿಡಿ. ಬಸವನಹುಳುವಿಗೆ ಇದು ಒಳ್ಳೆಯ ಉಪಾಯ. ಎರಡನೆಯದು ಪೊಟ್ಯಾಸಿಯಂ ಪರ್ಮಾಂಗನೇಟ್. ಬಕೆಟ್ ನೀರಿಗೆ ಕೆಲವೇ ಹರಳು ಹಾಕಿ, ತೆಳು ಗುಲಾಬಿ ಬಣ್ಣ ಬಂದರೆ ಸಾಕು, 10 ನಿಮಿಷ ಇಟ್ಟು ತೆಗೆಯಿರಿ. ಕೈಗೂ ಬಟ್ಟೆಗೂ ಕಲೆಯಾಗುತ್ತದೆ, ಗ್ಲೌಸ್ ಹಾಕಿಕೊಳ್ಳಿ. ಮಾಸ್‌ನಂಥ ನಾಜೂಕು ಗಿಡಕ್ಕೆ ಇಷ್ಟು ಹೊತ್ತು ಬೇಡ. ಯಾವುದನ್ನು ಮಾಡಿದರೂ ಆಮೇಲೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಒಂದು ವಾರ ಬೇರೆ ಬಕೆಟ್ಟಿನಲ್ಲಿ ಬೆಳಕಿರುವ ಕಡೆ ಇಡಿ. ನೀರು ಒಂದೆರಡು ಸಲ ಬದಲಾಯಿಸಿ. ಈ ನೀರು ಮೀನಿನ ಟ್ಯಾಂಕಿಗೆ ಒಂದು ಹನಿಯೂ ಹೋಗಬಾರದು.

ನೆಡುವುದು

ತಳಕ್ಕೆ ಎರಡು ಇಂಚು ತೊಳೆದ ಹೊಳೆಮರಳು ಅಥವಾ ಸಣ್ಣ ಜಲ್ಲಿ. ಬಣ್ಣ ಬಳಿದ ಜಲ್ಲಿ, ಮಾರ್ಬಲ್ ಚೂರು, ಹವಳದ ಚೂರು ಬೇಡ. ದಾರಿಯಲ್ಲಿ ಸಿಕ್ಕ ಕಲ್ಲು ಹಾಕುವುದಾದರೆ ಮೊದಲು ಅದರ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ನೊರೆ ಬಂದರೆ ಸುಣ್ಣದ ಕಲ್ಲು, ನೀರನ್ನು ಇನ್ನೂ ಗಡಸು ಮಾಡುತ್ತದೆ.

ಅನುಬಿಯಾಸ್ ಕಟ್ಟುವ ರೀತಿ ಹೇಳುತ್ತೇನೆ. ಅಂಗೈ ಅಗಲದ ಕಲ್ಲು ಅಥವಾ ಡ್ರಿಫ್ಟ್‌ವುಡ್ (ಟ್ಯಾಂಕಿಗೆ ಹಾಕುವ ಮರದ ಕೊರಡು) ತುಂಡು ತೆಗೆದುಕೊಳ್ಳಿ. ಗಿಡದ ಬೇರು ತುಂಬಾ ಉದ್ದ ಇದ್ದರೆ ಎರಡು ಇಂಚು ಉಳಿಸಿ ಕತ್ತರಿಸಿ. ರೈಜೋಮನ್ನು ಕಲ್ಲಿನ ಮೇಲೆ ಮಲಗಿಸಿ, ಎಲೆಗಳೆಲ್ಲ ಮೇಲಕ್ಕೆ, ಬೇರುಗಳು ಎರಡೂ ಬದಿಗೆ ಇಳಿಯುವಂತೆ ಹರಡಿ. ಈಗ ಹೊಲಿಗೆಯ ಕಪ್ಪು ದಾರವನ್ನು ಎಲೆಗಳ ತೊಟ್ಟಿನ ಸಂದಿಯಲ್ಲಿ ತೂರಿಸುತ್ತಾ ಕಲ್ಲಿನ ಸುತ್ತ ನಾಲ್ಕೈದು ಸುತ್ತು ಸುತ್ತಿ. ಗಿಡ ಅಲುಗಬಾರದು, ಆದರೆ ದಾರ ರೈಜೋಮನ್ನು ಕೊಯ್ಯಬಾರದು. ಉಗುರನ್ನು ದಾರದ ಕೆಳಗೆ ತೂರಿಸಲು ಬಂದರೆ ಬಿಗಿ ಸರಿ ಇದೆ ಅಂತ ಅರ್ಥ. ಗಂಟು ಕಲ್ಲಿನ ಅಡಿಗೆ ಬರಲಿ. ಹತ್ತಿಯ ದಾರ ಆದರೆ ಕ್ರಮೇಣ ಕೊಳೆತು ಹೋಗುತ್ತದೆ, ಅಷ್ಟು ಹೊತ್ತಿಗೆ ಬೇರು ಕಲ್ಲನ್ನು ಹಿಡಿದಿರುತ್ತದೆ. ದಾರ ಬೇಡ ಅನ್ನುವವರು ಫೆವಿಕ್ವಿಕ್ ಒಂದು ಹನಿಯನ್ನು ಬೇರಿನ ಜಾಗಕ್ಕೆ ಹಾಕಿ ಅಂಟಿಸುತ್ತಾರೆ. ಫೆವಿಕ್ವಿಕ್‌ನಂಥ ಸೈನೊಅಕ್ರಿಲೇಟ್ ಅಂಟು ಒಣಗಿದ ಮೇಲೆ ಮೀನಿಗೆ ತೊಂದರೆ ಮಾಡುವುದಿಲ್ಲ. ರೈಜೋಮಿಗೆ ಬಳಿಯಬೇಡಿ.

ಕಟ್ಟಿದ ಗಿಡವನ್ನು ಇಡುವ ಎತ್ತರ ಮುಖ್ಯ. ಮೇಲಿನ ಎಲೆ ನೀರಿನ ಮಟ್ಟದಿಂದ ಎರಡು ಇಂಚು ಕೆಳಗಿರಲಿ. ಕಲ್ಲು ಕುಳ್ಳಗಿದ್ದರೆ ಅದರ ಅಡಿಗೆ ಇನ್ನೊಂದು ಕಲ್ಲು ಇಟ್ಟು ಎತ್ತರಿಸಿ. ಜಾವಾ ಫರ್ನ್ ಹಿಂದಿನ ಮೂಲೆಗೆ. ಕ್ರಿಪ್ಟ್ ಮುಂದೆ ಮತ್ತು ನಡುವೆ, ಬುಡ ಮರಳಿನ ಮಟ್ಟಕ್ಕೆ ಸರಿಯಾಗಿ, ಪ್ರತಿ ಗಿಡದ ಪಕ್ಕ ಒಂದು ರೂಟ್ ಟ್ಯಾಬ್, ಅಂದರೆ ಬೇರಿಗೆ ಹಾಕುವ ಗೊಬ್ಬರದ ಗುಳಿಗೆ, ಒತ್ತಿ. ಎರಡು ಮೂರು ತಿಂಗಳಿಗೊಮ್ಮೆ ಹೊಸದು ಹಾಕಿದರೆ ಸಾಕು.

ಫಿಲ್ಟರ್ ಸ್ಪಂಜಿನದ್ದೇ ಇರಲಿ. ಪೈಪಿಗೆ ವಾಲ್ವ್ ಹಾಕಿ ಗಾಳಿ ಕಡಿಮೆ ಮಾಡಿ. ನೀರು ಜೋರಾಗಿ ಓಡಿದರೆ ಬೆಟ್ಟಾ ಮೂಲೆ ಸೇರುತ್ತದೆ, ತೇಲುವ ಗಿಡಗಳೂ ನೀರಲ್ಲಿ ಮುಳುಗಿ ಕೊಳೆಯುತ್ತವೆ.

ಒಣಗಿ ಉದುರಿದ ಕಾಡು ಬಾದಾಮಿ ಎಲೆ ನಮ್ಮ ರಸ್ತೆ ಬದಿಯಲ್ಲೇ ಸಿಗುತ್ತದೆ. ಹೊಗೆ, ಧೂಳು, ಔಷಧಿ ತಾಗದ ಮರದ ಕೆಳಗಿನದನ್ನು ಆರಿಸಿ, ತೊಳೆದು ಒಂದು ಎಲೆ ಹಾಕಿ. ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಬೆಟ್ಟಾಕ್ಕೆ ಅದು ಇಷ್ಟ. ಬೆಳಕು ಇನ್ನಷ್ಟು ಮಂದವಾಗುತ್ತದೆ. ನಾವು ಆರಿಸಿದ ಗಿಡಗಳಿಗೆ ಅದರಿಂದ ಏನೂ ಆಗುವುದಿಲ್ಲ.

ಮೊದಲ ಎರಡು ತಿಂಗಳು

ಗಿಡ ನೆಟ್ಟ ದಿನವೇ ಮೀನು ಬಿಡಬೇಡಿ. ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ನೆಲೆಯಾಗಲು 4ರಿಂದ 6 ವಾರ ಬೇಕು. ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆ ಬಿಡಿ. ಮೀನು ಈಗಾಗಲೇ ಇದ್ದರೆ ಎರಡು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸುತ್ತಾ, ಕಾಳು ಕಡಿಮೆ ಹಾಕುತ್ತಾ ದಾಟಿಸಿ.

ಕ್ರಿಪ್ಟ್ ನೆಟ್ಟ ವಾರದೊಳಗೆ ಎಲೆಯೆಲ್ಲ ಗಾಜಿನಂತಾಗಿ ಕರಗಿಹೋಗಬಹುದು. ಜನ ಇಲ್ಲೇ ಕೈಚೆಲ್ಲುವುದು. ಕರಗಿದ ಎಲೆ ತೆಗೆಯಿರಿ, ಬುಡವನ್ನು ಕೀಳಬೇಡಿ. ಬೇರು ಜೀವಂತ ಇರುತ್ತದೆ, ಕೆಲವು ವಾರಗಳಲ್ಲಿ ನಡುವಿನಿಂದ ಹೊಸ ಎಲೆ ಬರುತ್ತದೆ. ಜಾಗ ಬದಲಾಯಿಸಿದರೆ ಮತ್ತೆ ಮೊದಲಿನಿಂದ ಶುರು, ಹಾಗಾಗಿ ನೆಟ್ಟ ಮೇಲೆ ಸುಮ್ನೆ ಕೈ ಹಾಕಬೇಡಿ.

ಜಾವಾ ಫರ್ನ್ ಎಲೆಯಲ್ಲಿ ಸಣ್ಣ ತೂತು ಬಿದ್ದು ಅಂಚು ಹಳದಿಯಾದರೆ ಸಾಮಾನ್ಯವಾಗಿ ಪೊಟ್ಯಾಸಿಯಂ ಕೊರತೆ. ದ್ರವ ಗೊಬ್ಬರವನ್ನು ಬಾಟಲಿಯಲ್ಲಿ ಹೇಳಿದ್ದರ ಅರ್ಧ ಪ್ರಮಾಣದಲ್ಲಿ ವಾರಕ್ಕೊಮ್ಮೆ ಕೊಡಿ. ಲಿಕ್ವಿಡ್ ಕಾರ್ಬನ್ ಅಂತ ಮಾರುವುದು ಗ್ಲುಟರಾಲ್ಡಿಹೈಡ್. ಈ ಟ್ಯಾಂಕಿಗೆ ಅದರ ಅಗತ್ಯವೇ ಇಲ್ಲ, ಮಾಸ್‌ಗಂತೂ ಅದು ಆಗಿಬರುವುದಿಲ್ಲ.

ಅನುಬಿಯಾಸ್ ಎಲೆಯ ಮೇಲೆ ಹಸಿರು ಚುಕ್ಕೆ ಕೂತರೆ ದೀಪದ ಹೊತ್ತನ್ನು ಒಂದು ಗಂಟೆ ಇಳಿಸಿ, ಎಲೆಯನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿ. ತೇಲುವ ಗಿಡದ ನೆರಳಿಗೆ ಅದನ್ನು ಸರಿಸಿದರೂ ಆಯಿತು. ಪಾಚಿ ಜಾಸ್ತಿಯಾಯಿತು ಅಂತ ಬಾಟಲಿಯ ಪಾಚಿನಾಶಕ ಸುರಿಯಬೇಡಿ. ಇಷ್ಟು ಚಿಕ್ಕ ಟ್ಯಾಂಕಿನಲ್ಲಿ ಪ್ರಮಾಣ ಸ್ವಲ್ಪ ತಪ್ಪಿದರೂ ಮೀನಿಗೇ ಅಪಾಯ.

ವಾರಕ್ಕೆ ಕಾಲು ಭಾಗ ನೀರು ಬದಲಾಯಿಸುವುದನ್ನು ಗಿಡ ಬಂತು ಅಂತ ನಿಲ್ಲಿಸಬೇಡಿ. ಈ ಗಿಡಗಳು ನಿಧಾನ, ಮೀನಿನ ಗಲೀಜನ್ನು ಪೂರ್ತಿ ಹೀರುವ ಶಕ್ತಿ ಅವಕ್ಕಿಲ್ಲ. ತೆಗೆದ ನೀರನ್ನು ಕುಂಡದ ಗಿಡಗಳಿಗೆ ಹಾಕಿ, ಒಳ್ಳೆಯ ಗೊಬ್ಬರ.

ತೇಲುವ ಗಿಡ ವಾರವಾರವೂ ಹೆಚ್ಚುತ್ತದೆ, ಒಂದು ಹಿಡಿ ತೆಗೆಯುತ್ತಿರಬೇಕಾಗುತ್ತದೆ. ತೆಗೆದದ್ದನ್ನು ಸಿಂಕಿಗೆ, ಮೋರಿಗೆ, ರಾಜಕಾಲುವೆಗೆ ಹಾಕಬೇಡಿ, ಕೆರೆಗೆ ಬಿಟ್ಟು ಬರಬೇಡಿ. ಸಾಲ್ವಿನಿಯಾ ಮತ್ತು ಫ್ರಾಗ್‌ಬಿಟ್ ಎರಡರಲ್ಲೂ ಒಂದು ತುಣುಕು ಉಳಿದರೆ ಸಾಕು, ಕೆರೆಯ ಮೇಲೆಲ್ಲ ಹರಡಬಲ್ಲವು. ದಕ್ಷಿಣ ಅಮೆರಿಕದಿಂದ ಬಂದ ಸಾಲ್ವಿನಿಯಾ ಮೊಲೆಸ್ಟಾ ಈಗಾಗಲೇ ನಮ್ಮ ಪಕ್ಕದ ಕೇರಳದ ಹಿನ್ನೀರು, ಕಾಲುವೆಗಳನ್ನು ಮುಚ್ಚಿ ದೊಡ್ಡ ಪಿಡುಗಾಗಿದೆ. ತೆಗೆದ ಗಿಡವನ್ನು ಒಂದು ತಟ್ಟೆಯಲ್ಲಿ ಹರಡಿ ಎರಡು ದಿನ ಬಿಸಿಲಿಗೆ ಗರಿಗರಿ ಒಣಗಿಸಿ, ಆಮೇಲೆ ಕಾಂಪೋಸ್ಟ್ ಡಬ್ಬಕ್ಕೆ ಹಾಕಿ.